ಒಂದು ಸೀಟಿಗಾಗಿ

14 ನವೆಂಬರ್ 2024, ಗುರುವಾರ

ಪುಸ್ತಕದ ರಟ್ಟಿನ ಮೇಲಿನ ರಕ್ತ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಸಂಜೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ನಿಲ್ಲುವ ಮೊದಲೇ, ಎಲ್ಲರೂ ಸೀಟು ಹಿಡಿಯಲು ಟವೆಲ್ ಎಸೆಯುವಂತೆ, ನಾನು ಕಿಟಕಿಯಿಂದ ರಷ್ಯನ್ ಕಥೆಗಳ ಅನುವಾದವನ್ನು ಸೀಟಿನ ಮೇಲೆ ಎಸೆದೆ. ಹತ್ತಿ ನೋಡಿದರೆ ಒಬ್ಬ ಯುವಕ ಅದನ್ನು ನೆಲಕ್ಕೆ ತಳ್ಳಿ ಕುಳಿತಿದ್ದ. ಗಿರಿ ಎಂಬ ಹೆಸರು ಆಮೇಲೆ ತಿಳಿಯಿತು. ನಾನು ಪುಸ್ತಕ ಎತ್ತಿಕೊಳ್ಳಲು ಬಗ್ಗಿದೆ. ಹಾಲು ಮಾರಿ ಅದೇ ರೈಲಿಗೆ ಬಂದಿದ್ದ ಪಕ್ಕದ ಮನೆಯ ವೇಣು ಸುಮ್ಮನಿರಲಿಲ್ಲ.

"ಏಳ್ಲಾ, ಅಕ್ಕಂದು ಸೀಟು."

"ನಿಮ್ಮಕ್ಕ ನಿಂತ್ಕಂಡೇ ಓದ್ಲಿ ಬುಡು. ರೈಲೇನು ನಿಮ್ಮಪ್ಪಂದಾ?"

ವೇಣು ಖಾಲಿ ಹಾಲಿನ ಕ್ಯಾನಿನಿಂದ ಅವನ ಮುಖಕ್ಕೆ ಹೊಡೆದ. ಬಿದ್ದ ಮೇಲೂ ಹೊಡೆದ. ಪೊಲೀಸರು ವೇಣುವನ್ನು ಕರೆದೊಯ್ದರು. ಗಿರಿಯ ಎಡಗಣ್ಣು ಉಳಿಯುವುದಿಲ್ಲವಂತೆ.

ಈಗ ತಾನೇ ವೇಣುವಿನ ಹೆಂಡತಿ ಕಲಾ ಬಂದಿದ್ದಳು.

"ಅಕ್ಕಾ, ನಾಳೆ ಪೊಲೀಸ್ನೋರು ಕೇಳಿದ್ರೆ ಅವ್ನೇ ಮೊದ್ಲು ಕೈ ಎತ್ದ ಅನ್ನು. ನಿನ್ ಸೀಟ್ಗೇ ತಾನೇ ನನ್ ಗಂಡ ಒಡ್ದಿದ್ದು?"

"ಅವನು ಕೈ ಎತ್ತಲಿಲ್ಲ ಕಲಾ" ಎಂದೆ. ಅವಳು ಹೊಸ್ತಿಲ ಮೇಲೆ ಉಗಿದು ಹೋದಳು.

ನಿನ್ನೆ ಓದಿದ ಕಥೆಯಲ್ಲಿ ಇಬ್ಬರು ಸೇನಾಧಿಕಾರಿಗಳು ಒಂದು ಕುರ್ಚಿಗಾಗಿ ಜಗಳವಾಡಿ, ಗುಂಡು ಹಾರಿಸಿಕೊಂಡು ಸಾಯುತ್ತಾರೆ. ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ನಂಬುವಂತಿಲ್ಲ’ ಎಂದು ಬರೆದಿದ್ದೆ. ಈಗ ಅದನ್ನು ಅಳಿಸಿ ಹಾಕಿದೆ.

ಗೋಡೆಯ ಆಚೆ ಕಲಾ ಅಳುತ್ತಿದ್ದಾಳೆ. ಊರಿಗಾಂನ ಈ ಗೋಡೆಗೆ ಗೋಡೆ ಅಂಟಿದ ಲೈನ್ ಮನೆಗಳಲ್ಲಿ ಎಲ್ಲವೂ ಕೇಳಿಸುತ್ತದೆ. ನಾಳೆ ನಾನು ನೋಡಿದ್ದನ್ನೇ ಹೇಳುತ್ತೇನೆ. ಹೇಳಿ ಬಂದ ಮೇಲೆ ಇದೇ ಗೋಡೆಗೆ ತಲೆಯಿಟ್ಟು ಹೇಗೆ ಮಲಗುವುದು, ಅದೊಂದು ಗೊತ್ತಾಗುತ್ತಿಲ್ಲ.