ಕೈಯಿಲ್ಲದ ಬುದ್ಧ

ಲುವೊಯಾಂಗ್
ಏಪ್ರಿಲ್ ೧೯, ೧೯೮೭

ಪ್ರೀತಿಯ ಅಮ್ಮನಿಗೆ,

ನಾವಿಬ್ಬರೂ ಕ್ಷೇಮ. ಬೆಳಿಗ್ಗೆ ನಿಲ್ದಾಣದ ಎದುರಿನ ಅಂಗಡಿಯಲ್ಲಿ ದನದ ಮಾಂಸದ ಸಾರಿಗೆ ರೊಟ್ಟಿ ಚೂರು ಹಾಕಿಸಿಕೊಂಡು ತಿಂದೆವು. ಕಲ್ಲು ಕೆತ್ತುವಾಗ ಎರಡು ಬೆರಳು ಹೋದಾಗಿನಿಂದ ಬಲಗೈಯನ್ನು ಜೇಬಿನಿಂದ ತೆಗೆಯದ ಅಪ್ಪ ಅಲ್ಲಿಯೂ ಎಡಗೈಯಲ್ಲೇ ತಿಂದ. "ಯಜಮಾನರೇ, ಜೇಬಲ್ಲಿ ಚಿನ್ನ ಇಟ್ಕೊಂಡಿದೀರಾ? ಇಲ್ಲಿ ಕಳ್ಳರಿಲ್ಲ ಬಿಡಿ" ಎಂದು ಅಂಗಡಿಯಾಕೆ ನಕ್ಕಳು. ಅಪ್ಪ ಅರ್ಧ ಬಟ್ಟಲು ಹಾಗೇ ಬಿಟ್ಟು ಎದ್ದ.

ಆಮೇಲೆ ಲಾಂಗ್‌ಮೆನ್ ಬೆಟ್ಟ ಹತ್ತಿದೆವು. ಮೆಟ್ಟಿಲು ಮುಗಿದಲ್ಲಿ, ಬಂಡೆಯಲ್ಲೇ ಕೆತ್ತಿದ ಆ ದೊಡ್ಡ ಬುದ್ಧ ನಮ್ಮನ್ನೇ ನೋಡುತ್ತ ಕೂತಿದ್ದ. ಅವನ ಒಂದು ಕಿವಿಯೇ ಅಪ್ಪನಿಗಿಂತ ಎತ್ತರ. ಬಿಸಿಲೇರಿದರೂ ಅಪ್ಪ ಕದಲಲಿಲ್ಲ.

"ಅಪ್ಪಾ, ಸ್ವಲ್ಪ ನೀರು ಕುಡಿ" ಎಂದೆ.

"ಸುಮ್ನಿರೇ. ಇಷ್ಟು ದೊಡ್ಡ ತುಟೀಲಿ ಅಷ್ಟು ಸಣ್ಣ ನಗು ಹೆಂಗೆ ತಂದ ಆ ಪುಣ್ಯಾತ್ಮ?" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಇವನ ಕೈಗಳೆಲ್ಲಿ?" ಎಂದು ಕೇಳಿದ.

"ಯಾವತ್ತೋ ಬಿದ್ದುಹೋದವಂತೆ."

ಅಪ್ಪ ಸುತ್ತ ನಿಂತ ಜನರನ್ನು ನೋಡಿದ. "ಒಬ್ರೂ ಅದನ್ನ ನೋಡ್ತಾನೇ ಇಲ್ವಲ್ಲೇ. ಎಲ್ರೂ ಮುಖಾನೇ ನೋಡ್ತಿದಾರೆ" ಎಂದ.

ಆಮೇಲೆ ಜೇಬಿನಿಂದ ಕೈ ತೆಗೆದು, ಉಳಿದ ಮೂರು ಬೆರಳಿನಲ್ಲಿ ಗಾಳಿಯಲ್ಲೇ ಆ ತುಟಿಯ ಗೆರೆ ಎಳೆದ. ಒಂದಲ್ಲ, ಹತ್ತಾರು ಸಲ. ನಾನು ಬೇರೆ ಕಡೆ ನೋಡುತ್ತ ನಿಂತೆ.

ಸಂಜೆ ಎರಡು ಬಟ್ಟಲು ನೂಡಲ್ಸ್ ತಿಂದ. ನಾಳೆಯೂ ನಾಡಿದ್ದೂ ಅಲ್ಲಿಗೇ ಹೋಗಬೇಕಂತೆ, ಹಾಗಾಗಿ ಶುಕ್ರವಾರ ಬರುತ್ತೇವೆ. ಅಷ್ಟರಲ್ಲಿ ಅಪ್ಪನ ಕೆಲಸದ ಕೋಣೆಯಲ್ಲಿ ಪೇರಿಸಿಟ್ಟ ಜೋಳದ ಚೀಲಗಳನ್ನು ಬೇರೆ ಕಡೆ ಸಾಗಿಸಿ, ಉಳಿಗಳಿಗೆ ಎಣ್ಣೆ ಸವರಿಡು. ಇದು ನನ್ನ ಮಾತಲ್ಲ, ಅಪ್ಪ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾನೆ.

ನಿನ್ನ ಮಗಳು,
ಹುಯಿಝೆನ್