ಸಾರಿಸಿದ ಗೆರೆ

ಹಿರೇಗುತ್ತಿ,
ಮಾರ್ಚ್ ೨೦, ೧೯೬೮

ಪ್ರೀತಿಯ ಅವ್ವಾ,

ನಿನ್ನ ಮಾಬ್ಲ ಕಾಲಿಗೆ ಬಿದ್ದಿದ್ದಾನೆ ಎಂದು ತಿಳಿ. ಇಲ್ಲಿಂದ ಹೊರಡುವಾಗ ಕೆಮ್ಮುತ್ತಿದ್ದೆಯಲ್ಲ, ಈಗ ಹೇಗಿದೆ? ಮಾವಳ್ಳಿಯ ಗಾಳಿ ಒಗ್ಗಿತೇ? ಬಾಣಂತನಕ್ಕೆ ಹೋದವಳು ನಿದ್ದೆಗೆಟ್ಟು ನೀನೇ ಹಾಸಿಗೆ ಹಿಡಿಯಬೇಡ. ನಾಗಕ್ಕ ಚೆನ್ನಾಗಿ ಉಣ್ಣುತ್ತಾಳೆಯೇ, ಮಗುವಿಗೆ ಯಾರ ಮೂಗು ಬಂದಿದೆ, ಎಲ್ಲ ಬರೆಸು. ಇದನ್ನು ನಿನಗೆ ಓದಿ ಹೇಳುತ್ತಿರುವ ಮಾದೇವ ಭಾವನಿಗೂ ನಮಸ್ಕಾರ. ಭಾವ, ನಿಮ್ಮ ಓದು ನಮ್ಮ ಕುಮಟೆಯ ಬಸ್ಸಿನ ಹಾಗೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಇವತ್ತೊಂದು ದಿನ ನಿಧಾನವಾಗಿ ಓದಿ.

ಸುದ್ದಿ ಒಳ್ಳೆಯದಲ್ಲ ಅವ್ವಾ, ಅದಕ್ಕೇ ಸುತ್ತಿ ಬಳಸಿ ಬರುತ್ತಿದ್ದೇನೆ. ನೀನು ಬಸ್ಸು ಹತ್ತಿದ ವಾರದಲ್ಲೇ ಕುಪ್ಪಣ್ಣ, ಹೊನ್ನಣ್ಣ, ಅಣ್ಣಂದಿರಿಬ್ಬರೂ ಪಾಲಿನ ಮಾತು ತೆಗೆದರು. ಅಪ್ಪ ಹೋಗಿ ಎರಡು ವರ್ಷ ಕಳೆಯಿತು, ಇನ್ನು ಒಂದೇ ಒಲೆ ಯಾಕೆ ಎಂದು. ಗದ್ದೆಯ ಮಾತು ಸದ್ದಿಲ್ಲದೆ ಮುಗಿಯಿತು. ತಕರಾರು ಮನೆಯದು. ಕುಪ್ಪಣ್ಣ ನಡುವಿನ ಗೋಡೆ ಅಡ್ಡ ಬರಲಿ ಎನ್ನುತ್ತಾನೆ. ಮುಂದಿನ ಜಗಲಿ ತನಗೆ ಸಿಕ್ಕರೆ ರಸ್ತೆಗೆ ಮುಖ ಮಾಡಿ ಅಂಗಡಿ ಇಡುತ್ತಾನಂತೆ. ಹೊನ್ನಣ್ಣ ಉದ್ದಕ್ಕೆ ಬರಲಿ ಎನ್ನುತ್ತಾನೆ. ‘ನಾ ಎಂತಕೆ ಹಿತ್ಲ ಬಾಗ್ಲಲ್ಲಿ ಬಂದು ಹೋಗೂದು? ನಾ ಈ ಮನೆಯವ ಅಲ್ವಾ?’ ಎಂದು ಅವನ ಕೂಗು. ಅಡ್ಡ ಬಂದರೆ ಗೋಡೆ ನಡುಮನೆಯಲ್ಲಿ ನೀನು ಚಾಪೆ ಹಾಸುವ ಜಾಗದಲ್ಲೇ ಏಳುತ್ತದೆ. ಉದ್ದಕ್ಕೆ ಬಂದರೆ ನಿನ್ನ ಒಲೆಯನ್ನು ಸೀಳಿಕೊಂಡು ಹೋಗುತ್ತದೆ. ಅವ್ವ ಎಲ್ಲಿರಬೇಕು ಎಂದು ಕೇಳಿದೆ. ‘ನಮ್ಮಲ್ಲೇ’ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕುಪ್ಪಣ್ಣ ಕಾಯಲೂ ಇಲ್ಲ. ಗೋಡೆ ಕಟ್ಟುವ ಗೌಂಡಿ ಶಾಂತಾರಾಮನನ್ನು ಕರೆಸಿ, ಸುಣ್ಣದಲ್ಲಿ ಅದ್ದಿದ ನೂಲು ಹಿಡಿಸಿ, ನಡುಮನೆಗೆ ಅಡ್ಡವಾಗಿ ಗೆರೆ ಹೊಡೆಸಿದ. ಮರುದಿನ ಬೆಳಿಗ್ಗೆ ಅವನ ಹೆಂಡತಿ ಸುಕ್ರಿ ಅತ್ತಿಗೆಯೇ ಎಂದಿನಂತೆ ಸೆಗಣಿ ಸಾರಿಸಿದಳು, ಗೆರೆ ಹೋಯಿತು. ನಾನು ಒಳಗೊಳಗೇ ಕುಣಿದೆ. ಕುಣಿದದ್ದು ದಂಡ. ಹೊನ್ನಣ್ಣನ ಹೆಂಡತಿ ಲಕ್ಕಿ ಅತ್ತಿಗೆ ಕೊಡ ಹೊತ್ತು ಬರುವಾಗ ಆ ಜಾಗಕ್ಕೆ ಬಂದೊಡನೆ ಹೊಸ್ತಿಲು ದಾಟುವವಳಂತೆ ಕಾಲೆತ್ತುತ್ತಾಳೆ. ಹೊನ್ನಣ್ಣ ಉಂಡೆದ್ದು ಅಲ್ಲಿಯವರೆಗೆ ಬಂದು ತಿರುಗಿ ಹೋಗುತ್ತಾನೆ. ನನಗೆ ಎಂಥ ಸಿಟ್ಟು ಬರುತ್ತದೆ ಗೊತ್ತೇ! ಇಲ್ಲದ ಗೆರೆಗೆ ಇಷ್ಟು ಮರ್ಯಾದೆ, ಇರುವ ಅಣ್ಣನಿಗೆ ಇಲ್ಲ.

ಈ ಅಡ್ಡ-ಉದ್ದದ ಪಿಶಾಚಿ ಕಾಲೇಜಿನಲ್ಲೂ ನನ್ನ ಬೆನ್ನು ಬಿಟ್ಟಿಲ್ಲ. ನಾನು ಗಾಜಿನ ಲೋಟದ ಮೇಲೆ ನೀರುಳ್ಳಿ ಕೂರಿಸಿ ಬೇರು ಬರಿಸುತ್ತಿದ್ದೆನಲ್ಲ, ‘ಮಾಬ್ಲ ನೀರುಳ್ಳಿ ಸಾಕ್ತಾ’ ಎಂದು ನೀನು ಊರೆಲ್ಲ ಹೇಳಿಕೊಂಡು ಬಂದೆ. ಆ ಬೇರಿನ ತುದಿಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಜೇನುಹುಟ್ಟಿನ ಹಾಗೆ ಗೂಡು ಗೂಡು. ಒಂದೊಂದು ಗೂಡಿಗೆ ಜೀವಕೋಶ ಎನ್ನುತ್ತಾರೆ. ಒಂದು ಕೋಶ ನಡುವೆ ಗೋಡೆ ಹಾಕಿಕೊಂಡು ಎರಡಾಗುತ್ತದೆ. ಗೋಡೆ ಅಡ್ಡ ಬಂದರೆ ಬೇರು ಉದ್ದ ಬೆಳೆಯುತ್ತದೆ, ಉದ್ದಕ್ಕೆ ಬಂದರೆ ದಪ್ಪವಾಗುತ್ತದೆ. ಹಾಗಾದರೆ ಕೋಶಕ್ಕೆ ದಿಕ್ಕು ಹೇಳುವವರು ಯಾರು ಎಂದು ನಮ್ಮ ಸಸ್ಯಶಾಸ್ತ್ರದ ಮಾಸ್ತರರನ್ನು ಕೇಳಿದೆ. ಉದ್ದನೆಯ ಕೋಶ ಸಾಮಾನ್ಯವಾಗಿ ತನ್ನ ಉದ್ದಕ್ಕೆ ಅಡ್ಡವಾಗಿಯೇ ಎರಡಾಗುತ್ತದೆ ಎಂದರು. ಆದರೆ ಹೊರಗಿನ ಒತ್ತಡಕ್ಕೂ ಮಾತಿದೆಯಂತೆ. ಕಪ್ಪೆಯ ಮೊಟ್ಟೆಯನ್ನು ಎರಡು ಗಾಜಿನ ನಡುವೆ ಒತ್ತಿ ಹಿಡಿದರೆ ಅದು ಸೀಳುವ ದಿಕ್ಕೇ ಬದಲಾಗುತ್ತದೆ ಎಂದರು. ಕೊನೆಗೆ ಇನ್ನೊಂದು ಹೇಳಿದರು, ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ವರ್ಷದ ಹಿಂದೆ ಹೊರದೇಶದಲ್ಲಿ ಗೋಧಿಯ ಸಸಿಯಲ್ಲಿ ಕಂಡದ್ದಂತೆ. ಎರಡಾಗುವ ಮೊದಲೇ ಕೋಶ ತನ್ನ ಒಳಮೈ ಸುತ್ತ ಒಂದು ಸಣ್ಣ ಪಟ್ಟಿ ಕಟ್ಟಿಕೊಳ್ಳುತ್ತದೆ. ಸೀಳುವ ಹೊತ್ತಿಗೆ ಪಟ್ಟಿ ಮಾಯ. ಆದರೂ ಹೊಸ ಗೋಡೆ ಬಂದು ಸೇರುವುದು ಪಟ್ಟಿ ಇದ್ದ ಜಾಗಕ್ಕೇ. ಅಳಿಸಿ ಹೋದದ್ದು ಅದಕ್ಕೆ ಹೇಗೆ ನೆನಪಿರುತ್ತದೆ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ನನ್ನ ಕಣ್ಣೆದುರು ಲಕ್ಕಿ ಅತ್ತಿಗೆ ಕಾಲೆತ್ತಿದ್ದು ಬಂತು, ಹೆದರಿಕೆಯಾಯಿತು.

ಗೋಡೆಗೆ ಚಿರೆಕಲ್ಲು ಅಂಗಳಕ್ಕೆ ಬಂದು ಬಿದ್ದಿದೆ. ಯುಗಾದಿಯ ಮಾರನೆಯ ದಿನ ಪಾಯ ತೆಗೆಯುವುದಂತೆ. ಇಬ್ಬರೂ ಒಪ್ಪದೆ ಕೊನೆಗೆ ನನ್ನ ಕುತ್ತಿಗೆಗೆ ಕಟ್ಟಿದ್ದಾರೆ. ‘ನೀ ಕಲ್ತವ. ನೀ ಹೇಳಿದ್ದೇ ಆತು. ಅಡ್ಡನೋ, ಉದ್ದನೋ?’ ಎಂದು ಕುಪ್ಪಣ್ಣ ಬಸ್ಸು ಇಳಿಯುವಲ್ಲೇ ಕಾದು ನಿಲ್ಲುತ್ತಾನೆ. ಒಬ್ಬನಿಗೆ ಹೌದು ಎಂದರೆ ಇನ್ನೊಬ್ಬ ಜನ್ಮದಲ್ಲಿ ಮಾತಾಡುವುದಿಲ್ಲ. ಯಾವುದಕ್ಕೆ ಹೌದು ಎಂದರೂ ನಿನ್ನ ಜಾಗ ಹೋಗುತ್ತದೆ. ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗಲಿಗೆ ತಿರುಗುತ್ತೇನೆ. ಪರೀಕ್ಷೆ ಹತ್ತಿರ ಬಂತು, ಪುಸ್ತಕ ಬಿಚ್ಚಿದರೆ ಎಲ್ಲ ಚಿತ್ರವೂ ನಮ್ಮ ನಡುಮನೆ.

ಹೋದ ವರ್ಷ ಇದೇ ಹೊತ್ತಿಗೆ ನೀರುಳ್ಳಿ ಹೆಣೆಯಲು ಕೂತದ್ದು ನೆನಪಾಗುತ್ತದೆ. ನಡುಮನೆಯ ತುಂಬ ರಾಶಿ, ಸುತ್ತ ನಾವೆಲ್ಲ, ನೀನು ಒಣಗಿದ ಸೊಪ್ಪನ್ನು ಜಡೆಯ ಹಾಗೆ ಹೆಣೆಯುತ್ತ ಹಾಡು ಹಿಡಿದಿದ್ದೆ. ಹೊನ್ನಣ್ಣ ಅಪಸ್ವರದಲ್ಲಿ ಸೊಲ್ಲು ಎತ್ತಿದ್ದಕ್ಕೆ ಕುಪ್ಪಣ್ಣ ಅವನಿಗೆ ನೀರುಳ್ಳಿಯಲ್ಲೇ ಹೊಡೆದಿದ್ದ. ‘ರಾಶಿ ಒಳ್ಗಿದ್ದಾಗ ಮನೇಲಿ ಬೇರೆ ಕೆಲ್ಸ ಹಿಡೂಕಾಗ್ದು’ ಎಂದು ನೀನು ಪ್ರತಿ ವರ್ಷ ಹೇಳುವ ಮಾತನ್ನು ಯಾರೂ ಮೀರಿದವರಿಲ್ಲ.

ನಾಗಕ್ಕನಿಗೆ ನನ್ನ ನೆನಪು ಹೇಳು. ಮಗುವಿಗೆ ಸೋದರಮಾವನ ಮುತ್ತು. ಭಾವ, ಅವ್ವ ಈಗ ಅಳುತ್ತಿದ್ದರೆ ಸ್ವಲ್ಪ ನೀರು ಕೊಡಿ.

ನಿನ್ನ ಕಿರಿಮಗ,
ಮಾಬ್ಲ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದ್ದೇನೆ. ಇವತ್ತು ಕಾಲೇಜಿಗೆ ಹೋಗಲಿಲ್ಲ. ಗದ್ದೆಯಲ್ಲಿ ಕಿತ್ತು ಬಾಡಲು ಬಿಟ್ಟಿದ್ದ ನೀರುಳ್ಳಿಯನ್ನೆಲ್ಲ ಹೊತ್ತು ತಂದು ನಡುಮನೆಯಲ್ಲಿ, ಗೆರೆ ಇದ್ದ ಜಾಗದ ಮೇಲೇ ಸುರಿದೆ. ‘ಎಂತ ಮಾಡ್ದ್ಯೋ ಇದು?’ ಎಂದು ಕುಪ್ಪಣ್ಣ ಗುಡುಗಿದ. ಅವ್ವನ ಮಾತು ಗೊತ್ತಲ್ಲ ಎಂದೆ. ಅಂಗಳಕ್ಕೆ ಹೋಗಿ ಚಿರೆಕಲ್ಲಿನ ಮೇಲೆ ಕೂತ. ಹೆಣೆದು ಮುಗಿಯುವವರೆಗೆ ಪಾಯ ಇಲ್ಲ. ಅತ್ತಿಗೆಯರಿಬ್ಬರೂ ಹೆಣೆಯಲು ಕೂತಿದ್ದಾರೆ, ಆದರೆ ರಾಶಿಯ ಆಚೆಗೊಬ್ಬಳು, ಈಚೆಗೊಬ್ಬಳು, ಹಾಡಿಲ್ಲ, ಮಾತಿಲ್ಲ. ರಾಶಿ ಕರಗುತ್ತಿದೆ ಅವ್ವಾ. ನಾಗಕ್ಕನನ್ನು ಅವಳ ಅತ್ತೆಗೆ ಒಪ್ಪಿಸಿ ಮೊದಲ ಬಸ್ಸಿಗೇ ಬಾ. ಬಂದು ಯಾರನ್ನೂ ಬೈಯಬೇಡ. ಅವರಿಬ್ಬರ ನಡುವೆ ಕೂತು ಹಾಡು ಹಿಡಿ. ಆ ಜಾಗ ಖಾಲಿ ಇದೆ.