ಕಾಮಕಸ್ತೂರಿ ನೀರು

ಮಾರ್ಚ್ 4, ಬೆಳಿಗ್ಗೆ 6.30
ಇವತ್ತೂ ಕಾಮಕಸ್ತೂರಿ ಬೀಜ ನೆನೆಸಿದ ನೀರು. ಎಂಟನೇ ದಿನ. ಮೂತ್ರಕ್ಕೆ ಹೋದರೆ ಉರಿ, ಪಂಚೆಯಲ್ಲಿ ಹಳದಿ ಕಲೆ. ಹೆಂಡತಿ ಯಲ್ಲಕ್ಕ ಲೋಟ ಕೈಗಿಟ್ಟು, “ಉಷ್ಣ ಆಗೈತ್ರಿ. ಬಿಸ್ಲಾಗೆ ಹರಿಹರಕ್ಕೆ ತಿರುಗಬ್ಯಾಡ್ರಿ” ಅಂದಳು. ಕುಡಿದೆ. ಅರವತ್ತಾರು ವರ್ಷದವನಿಗೆ ಉಷ್ಣವಲ್ಲದೆ ಇನ್ನೇನು?

ಮಾರ್ಚ್ 7
ಆಸ್ಪತ್ರೆ. ಉಷ್ಣ ಅಲ್ಲ. ಗೊನೊರಿಯಾ ಅಂದರು — ಕೂಡುವುದರಿಂದ ಬರುವ ರೋಗ. ಇಂಜೆಕ್ಷನ್ ಕೊಟ್ಟರು. ಕೌನ್ಸೆಲರ್ ಶೋಭಾರಾಣಿ, ಮಗಳ ವಯಸ್ಸಿನವಳು, ಮುಖ ನೋಡಿಯೇ ಕೇಳಿದಳು.
“ನಿರೋಧ್ ಹಾಕ್ತಿದ್ರೇನ್ರಿ?”
“ಮಕ್ಕಳಾಗೋ ವಯಸ್ಸಲ್ಲಲ್ಲಮ್ಮ.”
“ರೋಗ ತಡೆಯೋಕೂ ಅದೇ ರೀ, ಅಜ್ಜಾರೆ.”
ಮೂವತ್ತು ವರ್ಷ ಕಂಡಕ್ಟರ್. ಬಸ್ಸಿನ ಬೆನ್ನ ಮೇಲೇ ನಿರೋಧ್ ಜಾಹೀರಾತಿನ ಕೆಂಪು ತ್ರಿಕೋನ ಇರುತ್ತಿತ್ತು. ಕುಟುಂಬ ಯೋಜನೆ ಅಂತಷ್ಟೇ ಓದಿಕೊಂಡಿದ್ದೆ.
ಇಬ್ಬರನ್ನೂ ಕರೆತರಬೇಕಂತೆ. ಯಲ್ಲಕ್ಕನನ್ನು, ಹರಿಹರದ ದುರ್ಗಾಳನ್ನು. ಹೊರಗೆ ಬಂದವನೇ ದುರ್ಗಾಳ ನಂಬರ್ ಬ್ಲಾಕ್ ಮಾಡಿದೆ. ಗಂಡ ಸತ್ತವಳು, ಅವಳಿಗೆ ನಾನೊಬ್ಬನೇ ಅಂದುಕೊಂಡಿದ್ದೆ. ಮನೆಯಲ್ಲಿ ಹೆಂಡತಿಯನ್ನಿಟ್ಟುಕೊಂಡು ನನಗೆ ಈ ಸಿಟ್ಟು ಬೇರೆ.

ಮಾರ್ಚ್ 9
ಹೇಳಲಿಲ್ಲ.

ಮಾರ್ಚ್ 16
ಇವತ್ತು ಲೋಟ ಎರಡು. “ನಂಗೂ ಉಷ್ಣ ಆಗೈತೆ” ಅಂದಳು. ಕಿಬ್ಬೊಟ್ಟೆ ಹಿಡಿದುಕೊಂಡು ಕೂತಿದ್ದಳು. ನಾನು ಕೊಟ್ಟ ರೋಗಕ್ಕೆ ಅವಳು ಬೀಜ ನೆನೆಸುತ್ತಿದ್ದಾಳೆ. ದೇವರೇ, ನನ್ನ ನಾಲಿಗೆ ಬಿದ್ದುಹೋಗಿದೆಯೇ...

ಮಾರ್ಚ್ 17
ಶೋಭಾರಾಣಿಗೆ ಫೋನ್. “ಮಾತ್ರೆ ಕೊಡಮ್ಮ, ಉಷ್ಣಕ್ಕೆ ಅಂತ ಹೇಳಿ ನುಂಗಿಸ್ತೀನಿ.” ಅತ್ತೇಬಿಟ್ಟೆ.
“ನೋಡ್ದೆ ಕೊಡಾಕೆ ಬರಲ್ರಿ. ಯಾವ ಔಷಧಿ ಅವರಿಗೆ ಆಗಿಬರಲ್ಲ ಅಂತ ಕೇಳ್ಬೇಕು. ಕರ್ಕೊಂಡು ಬರ್ರಿ. ತಡ ಆದ್ರೆ ಗರ್ಭಕೋಶಕ್ಕೆ ಏರ್ತತೆ.”

ಮಾರ್ಚ್ 19
ಹೇಳಿದೆ. ಅಡುಗೆಮನೆಯಲ್ಲಿ, ನಿಂತುಕೊಂಡೇ. ಇದು ಉಷ್ಣ ಅಲ್ಲ, ನನ್ನಿಂದ ಬಂದದ್ದು, ಆಸ್ಪತ್ರೆಗೆ ನಡಿ.
ನೆನೆಸಿದ್ದ ಬೀಜವನ್ನು ಬಚ್ಚಲಿಗೆ ಸುರಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸೀರೆ ಬದಲಿಸಿ ಬಂದು ಬಾಗಿಲಲ್ಲಿ ನಿಂತಳು.
“ಹರಿಹರದಾಕಿಗೆ ಹೇಳೀರೇನ್ರಿ?”
ಗೊತ್ತಿತ್ತು ಅವಳಿಗೆ. ಎಷ್ಟು ವರ್ಷದಿಂದಲೋ.
“ಇಲ್ಲ.”
“ಆಕೀಗೂ ಹೊಟ್ಟೆ ನೋಯ್ತಿರ್ತತೆ. ಫೋನ್ ಹಚ್ರಿ. ನನ್ ಎದುರಿಗೇ ಹಚ್ರಿ.”
ಅನ್‌ಬ್ಲಾಕ್ ಮಾಡಿದೆ. ಹನ್ನೆರಡು ದಿನ ಆಗಿತ್ತು. ಮೊದಲ ರಿಂಗಿಗೇ ದುರ್ಗಾ ಎತ್ತಿದಳು.
“ಎಲ್ಲಿದ್ರಿ ಇಷ್ಟ್ ದಿನ? ನಂಗಿಲ್ಲಿ ಒಂದೇ ಸಮ ಉಷ್ಣ ಆಗಿ—”